ಮೆಕೆಂಜಿಯ ಸಂಚಾರ, ಊರೂರ ಕೈಫಿಯತ್ತು

1799ನೆಯ ಇಸವಿಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟಿಪ್ಪುಸುಲ್ತಾನನು ಹತನಾದ ತರುವಾಯ, ಅವನ ರಾಜ್ಯದ ಅಂಚುಗಳನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದವರೂ ಹೈದರಾಬಾದಿನ ನಿಜಾಮನೂ ತಮ್ಮೊಳಗೆ ಹಂಚಿಕೊಂಡು, ನಡುಭಾಗವನ್ನು ಐದು ವರ್ಷದ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರೆಂಬುದು ಶಾಲೆಯ ಪಾಠಗಳಲ್ಲಿಯೇ ಬರುವ ಸಂಗತಿ. ಹಂಚಿಕೊಂಡವರಿಗೆ ಒಡನೆಯೇ ಒದಗಿದ ತೊಡಕೊಂದು ಮಾತ್ರ ಆ ಪಾಠಗಳಲ್ಲಿ ಬರುವುದಿಲ್ಲ: ತಾವು ಹಂಚಿಕೊಂಡುದು ಏನನ್ನು ಎಂಬುದೇ ಅವರಿಗೆ ಸ್ಪಷ್ಟವಾಗಿರಲಿಲ್ಲ. ಸಂಧಿಪತ್ರಕ್ಕೆ ಲಗತ್ತಿಸಿದ ಯಾದಿಯಲ್ಲಿ ತಾಲ್ಲೂಕುಗಳ ಹೆಸರುಗಳೂ ಅವುಗಳಿಂದ ಬರಬೇಕಾದ ಕಂದಾಯದ ಕಂಠೀರಾಯಿ ವರಹಗಳ ಮೊತ್ತವೂ ಇದ್ದುವೇ ಹೊರತು, ಆ ತಾಲ್ಲೂಕುಗಳ ಗಡಿಯು ಯಾವ ಹಳ್ಳಕ್ಕೆ ಇಳಿದು ಯಾವ ಗುಡ್ಡವನ್ನು ಏರುವುದು, ಒಂದರ ಹಳ್ಳಿಯು ಇನ್ನೊಂದರ ನಡುವೆ ಸಿಕ್ಕಿಕೊಂಡಿರುವುದೆಲ್ಲಿ ಎಂಬುದನ್ನು ತೋರಿಸುವ ನಂಬಲರ್ಹವಾದ ನಕಾಶೆ ಯಾರ ಕೈಯಲ್ಲಿಯೂ ಇರಲಿಲ್ಲ.

ಈ ಅಜ್ಞಾನವನ್ನು ಕಳೆಯುವುದಕ್ಕಾಗಿ ಎರಡು ವರ್ಷಗಳ ಅವಧಿಯಲ್ಲಿಯೇ ಮೂವರು ಕನ್ನಡನಾಡಿನ ದಾರಿಗಳಿಗೆ ಇಳಿದರು. ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಎಂಬಾತನು 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಬೆಳೆ, ನೇಯ್ಗೆ, ಕಬ್ಬಿಣದ ಕುಲುಮೆ, ಜಾತಿಪದ್ಧತಿ ಮೊದಲಾದುವನ್ನು ಕೇಳಿ ಬರೆದುಕೊಳ್ಳುತ್ತ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿ ಮರುವರ್ಷದ ಜುಲೈ ತಿಂಗಳಿಗೆ ಹಿಂದಿರುಗಿದನು. ಆ ಪ್ರವಾಸದ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಮುಂದೆ ಇಡೀ ಭಾರತವನ್ನು ತ್ರಿಕೋನಗಳ ಬಲೆಯಲ್ಲಿ ಹಿಡಿಯಲಿದ್ದ ಮಹಾಮಾಪನಕ್ಕೆ ನಾಂದಿ ಹಾಡಿದನು. ಬುಕಾನನ್ನನಿಗೆ ಭೂಮಿಯಲ್ಲಿ ಬೆಳೆಯುವುದು ಬೇಕಾಗಿತ್ತು, ಲ್ಯಾಂಬ್ಟನ್ನನಿಗೆ ಭೂಮಿಯ ಆಕಾರವೇ ಬೇಕಾಗಿತ್ತು. ಮೂರನೆಯವನಾದ ಕಾಲಿನ್ ಮೆಕೆಂಜಿಗೆ ಮೈಸೂರಿನ ಗಡಿಗಳನ್ನೂ ಊರುಗಳನ್ನೂ ಗುರುತಿಸಿ ನಕಾಶೆ ಬರೆಯುವ ಕೆಲಸವು ಒಪ್ಪಿಸಲ್ಪಟ್ಟಿತ್ತು; ಅದನ್ನು ಮಾಡುತ್ತ ಮಾಡುತ್ತ ಅವನು, ತನ್ನನ್ನು ಕಳುಹಿದವರು ಕೇಳದಿದ್ದ ಇನ್ನೊಂದನ್ನು, ಎಂದರೆ ಆ ಊರುಗಳಿಗೆ ತಮ್ಮ ವಿಷಯವಾಗಿ ಇದ್ದ ನೆನಪನ್ನು, ಸಂಗ್ರಹಿಸತೊಡಗಿದನು.

ಸ್ಕಾಟ್ಲೆಂಡಿಗೆ ವಾಯವ್ಯದಲ್ಲಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರೂರಿನಲ್ಲಿ ಹುಟ್ಟಿ, ಅಲ್ಲಿಯ ಸುಂಕದ ಕಟ್ಟೆಯಲ್ಲಿ ಕೆಲಸದಲ್ಲಿದ್ದ ಈ ಮನುಷ್ಯನು 1783ರಲ್ಲಿ ಮದರಾಸಿನಲ್ಲಿ ಇಳಿದಾಗ ಯೌವನದ ಮೊದಲ ಹುಮ್ಮಸ್ಸಿನವನಾಗಿರಲಿಲ್ಲ, ಮೂವತ್ತರ ಸಮೀಪದಲ್ಲಿದ್ದನು. ಸ್ಕಾಟ್ಲೆಂಡಿನ ನೇಪಿಯರ್ ಎಂಬ ಪ್ರಭುವು, ಲಾಗರಿದಮ್ ಗಣನೆಯನ್ನು ಕಂಡುಹಿಡಿದ ತನ್ನ ಪೂರ್ವಜನ ಜೀವನಚರಿತ್ರೆಯನ್ನು ಬರೆಯುವುದಕ್ಕಾಗಿ, ಹಿಂದೂಗಳ ಗಣಿತದ ವಿಚಾರವನ್ನು ಮೆಕೆಂಜಿಯಿಂದ ತಿಳಿದುಕೊಳ್ಳಲು ಬಯಸಿದ್ದನು. ಆ ಸಂಬಂಧದಿಂದ ಮಧುರೆಗೆ ಹೋಗಿ ಅಲ್ಲಿಯ ಬ್ರಾಹ್ಮಣ ಪಂಡಿತರ ಪರಿಚಯವನ್ನು ಮಾಡಿಕೊಂಡುದು ಅವನ ಕುತೂಹಲದ ಮೊದಲ ಮೆಟ್ಟಿಲು. ಆದರೆ ಸೇನೆಯ ಎಂಜಿನಿಯರನಾಗಿ ಯುದ್ಧದಿಂದ ಯುದ್ಧಕ್ಕೆ, ಮುತ್ತಿಗೆಯಿಂದ ಮುತ್ತಿಗೆಗೆ ಅಲೆಯುವವನಿಗೆ ಭಾಷೆ ಕಲಿಯುವ ವ್ಯವಧಾನವೆಲ್ಲಿಯದು? ತೆಲುಗು, ಕನ್ನಡ, ತಮಿಳು, ಸಂಸ್ಕೃತ ಗ್ರಂಥಗಳನ್ನು ಅವನಷ್ಟು ಒಟ್ಟುಗೂಡಿಸಿದ ಪರದೇಶಿಯು ದಕ್ಷಿಣದಲ್ಲಿ ಮತ್ತೊಬ್ಬನಿಲ್ಲ. ಆ ಭಾಷೆಗಳಲ್ಲಿ ಒಂದನ್ನೂ ಅವನು ಓದಲಾರದವನಾಗಿದ್ದನು. ಇದನ್ನು ಅವನೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಮೆಕೆಂಜಿಯ ಸಂಗ್ರಹವೆಂದು ಇಂದು ಪ್ರಸಿದ್ಧವಾಗಿರುವುದನ್ನು ಅರ್ಥಮಾಡಿಕೊಳ್ಳಬೇಕಾದವನು ಮೊದಲು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಮೈಸೂರಿನ ಮೋಜಣಿಯು ಸುಮಾರು 40,000 ಚದರ ಮೈಲಿಗಳ ನೆಲವನ್ನು ಆವರಿಸಿದ್ದಿತು. ಗುಡ್ಡದ ನೆತ್ತಿಗಳ ಮೇಲೆ ಗುರುತಿನ ಕಂಬಗಳನ್ನು ನೆಡಿಸಿ, ಥಿಯೊಡೊಲೈಟ್ ಯಂತ್ರದಿಂದ ಕೋನಗಳನ್ನು ನೋಡಿ, ಸರಪಣಿ ಹಿಡಿದು ನೆಲವನ್ನು ಅಳೆದು, ಹಾದಿಯ ದೂರವನ್ನು ಗಾಲಿ ಉರುಳಿಸಿ ಎಣಿಸುತ್ತ, ಕೆರೆ ಕಟ್ಟೆ ಕೋಟೆ ಕೊತ್ತಲಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸುವ ಈ ಕೆಲಸದಲ್ಲಿ ಮೆಕೆಂಜಿಗೆ ಜಾನ್ ಮ್ಯಾಥರ್ ಮೊದಲಾದ ಸಹಾಯಕರಿದ್ದರು. ಸಸ್ಯಗಳ ಪರೀಕ್ಷೆಗೆಂದು ಬೆಂಜಮಿನ್ ಹೇನ್ ಎಂಬ ವೈದ್ಯನೂ ಇದ್ದನು. ಕೆಲಸ ಮೊದಲಾದ ಅಲ್ಪಕಾಲದಲ್ಲಿಯೇ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಖರ್ಚು ಹೆಚ್ಚಾಯಿತೆಂದು ಭತ್ಯವನ್ನು ಕಡಿತಗೊಳಿಸಿದರು. ಅತ್ತ ಮಲೆನಾಡಿನ ಚಳಿಜ್ವರವು ಸಹಾಯಕರನ್ನು ಒಬ್ಬೊಬ್ಬರನ್ನಾಗಿ ಹಣ್ಣುಮಾಡಿತು. ಹೀಗಿದ್ದೂ ಕೊನೆಗೆ ನಕಾಶೆಗಳೊಡನೆ ಏಳು ಸಂಪುಟಗಳ ವರದಿಯು ಸಿದ್ಧವಾಯಿತು. ನಿರ್ದೇಶಕರು ಆಗ ಹೊಗಳಿದರು. ಆ ಹೊಗಳಿಕೆಯು ಬರುವ ವೇಳೆಗೆ ಹಳ್ಳಿಹಳ್ಳಿಯಿಂದ ಬಂದ ಬೇರೊಂದು ಬಗೆಯ ಕಾಗದಗಳು ಅವನ ಡೇರೆಯ ಪೆಟ್ಟಿಗೆಗಳನ್ನು ತುಂಬಿಬಿಟ್ಟಿದ್ದುವು.

ಆ ಕಾಗದಗಳ ಕಥೆಯನ್ನು ಹೇಳಬೇಕಾದರೆ ಕಾವಲಿ ಮನೆತನದ ಸೋದರರಿಂದ ಆರಂಭಿಸಬೇಕು. ವೆಂಕಟ ಬೋರಯ್ಯನು ತೆಲುಗು ನಾಡಿನ ನಿಯೋಗಿ ಬ್ರಾಹ್ಮಣ. ಚಿಕ್ಕ ವಯಸ್ಸಿನಲ್ಲಿಯೇ ಮೆಕೆಂಜಿಯ ಸೇವೆಗೆ ಸೇರಿ, ಸಂಸ್ಕೃತವನ್ನೂ ದೇಶಭಾಷೆಗಳನ್ನೂ ಇಂಗ್ಲಿಷನ್ನೂ ಬಲ್ಲವನಾಗಿ, ಮೈಸೂರಿನ ಮೋಜಣಿಯ ಕಾಲಕ್ಕೆ ಅವನ ಬಲಗೈಯಾಗಿದ್ದನು. ಹಳ್ಳಿಯ ಹೆಬ್ಬಾಗಿಲಲ್ಲಿಯೋ ಗುಡಿಯ ಪಡಸಾಲೆಯಲ್ಲಿಯೋ ನಿಂತಿದ್ದ ಕಲ್ಲುಗಳ ಹಳಗನ್ನಡದ ಲಿಪಿಯನ್ನು ಅಭ್ಯಾಸದಿಂದ ಬಿಡಿಸಿ ಓದಿ, ಅದರ ತಾತ್ಪರ್ಯವನ್ನು ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟವರಲ್ಲಿ ಅವನು ಮೊದಲಿಗನೆಂದು ಹೇಳಬಹುದು. ಜೈನ ಗುರುವೊಬ್ಬನನ್ನು ಕೇಳಿ ಅವನು ಬರೆದುಕೊಂಡ ಜೈನಮತದ ವೃತ್ತಾಂತವು 1807ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಗ್ರಂಥಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಅವನ ಹೆಸರನ್ನೇ ಹೊತ್ತು ಅಚ್ಚಾಯಿತು. ಆದರೆ ಅದನ್ನು ನೋಡುವ ಭಾಗ್ಯವು ಅವನಿಗೆ ಇರಲಿಲ್ಲ. 1803ರಲ್ಲಿಯೇ, ಇನ್ನೂ ತರುಣನಾಗಿದ್ದಾಗಲೇ, ತೀರಿಕೊಂಡಿದ್ದನು. ಭಾರತದ ವಿದ್ಯೆಯ ಬಾಗಿಲನ್ನು ತನಗೆ ತೆರೆದವನು ಅವನೇ ಎಂದು ಮೆಕೆಂಜಿಯು ಹದಿನಾಲ್ಕು ವರ್ಷಗಳಾದ ಮೇಲೆಯೂ ಮಿತ್ರನಿಗೆ ಬರೆದ ಪತ್ರದಲ್ಲಿ ಸ್ಮರಿಸಿದ್ದಾನೆ. ಆ ಮೇಲೆ ಅಣ್ಣನ ಸ್ಥಾನಕ್ಕೆ ತಮ್ಮನಾದ ಲಕ್ಷ್ಮಯ್ಯನು ಬಂದನು. ಮತ್ತೊಬ್ಬ ತಮ್ಮ ರಾಮಸ್ವಾಮಿಯು ಮುಂದೆ 1829ರಲ್ಲಿ ದಕ್ಷಿಣದ ಕವಿಗಳ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು.

ಲಕ್ಷ್ಮಯ್ಯನದು ಅಣ್ಣನಿಗಿಂತ ಬೇರೆಯ ಶಕ್ತಿ. ಕಲ್ಲನ್ನು ಓದುವುದಕ್ಕಿಂತ ಹೆಚ್ಚಾಗಿ, ಓದಬಲ್ಲವರನ್ನು ಕಲೆಹಾಕಿ ನಡೆಸುವುದರಲ್ಲಿ ಅವನು ನಿಪುಣನಾಗಿದ್ದನು. ನಾರಾಯಣರಾವ್, ಆನಂದರಾವ್, ನಿಟ್ಟಲ ನೈನಾರ್ ಮೊದಲಾದವರು ಅವನ ಆಜ್ಞಾನುಸಾರವಾಗಿ ಒಂದೊಂದು ಸೀಮೆಗೆ ಹೋಗಿ, ಶಾಸನಗಳ ನಕಲು ತೆಗೆದು, ಓಲೆಗರಿಯ ಪುಸ್ತಕಗಳನ್ನು ಕೊಂಡೋ ಬೇಡಿಯೋ ಪಡೆದು, ಹಳೆಯ ನಾಣ್ಯಗಳನ್ನು ಹುಡುಕಿ, ತಾವು ಯಾವ ದಿನ ಎಲ್ಲಿದ್ದೆವು, ಯಾರನ್ನು ಕಂಡೆವು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ವಿವರವನ್ನು ವರದಿ ಮಾಡುತ್ತಿದ್ದರು. ನಮ್ಮ ನಾಡಿನ ಪ್ರವಾಸಸಾಹಿತ್ಯವನ್ನು ಕುರಿತು ಮಾತನಾಡುವವರು ಪರದೇಶದ ಯಾತ್ರಿಕರನ್ನು ಸಾಲಾಗಿ ಹೆಸರಿಸುವುದುಂಟು; ಈ ಗುಮಾಸ್ತರ ದಿನಚರಿಗಳನ್ನು ಆ ಸಾಲಿನಲ್ಲಿ ಯಾರೂ ಕೂರಿಸಿದಂತೆ ಕಾಣೆನು. ಊರಿನವರ ಶಂಕೆಯನ್ನು ನಿವಾರಿಸುವುದೇ ಅವರ ದೊಡ್ಡ ಕಷ್ಟ. ಕುಂಪಣಿಯ ಕಡೆಯವರು ಬಂದು ಹಳೆಯ ಪತ್ರಗಳನ್ನು ತೋರಿಸಿರೆಂದರೆ, ಇನಾಮು ಭೂಮಿಗೆ ಕಂದಾಯ ಕಟ್ಟುವ ಹವಣಿಕೆಯಿದೆಯೆಂದು ಅರ್ಚಕನೂ ಶಾನುಭೋಗನೂ ಅಂಜಿದುದರಲ್ಲಿ ಆಶ್ಚರ್ಯವೇನು? ಆಳುವವರು ಹಳೆಯ ಕಾಗದವನ್ನು ಸುಮ್ಮನೆ ಕೇಳುವುದಿಲ್ಲವೆಂಬ ತಿಳಿವಳಿಕೆ ಹಳ್ಳಿಗೆ ಎಂದಿನಿಂದಲೂ ಉಂಟು.

ಹೀಗೆ ಕೇಳಿ ಬರೆಯಿಸಿದ ಸ್ಥಳವೃತ್ತಾಂತಗಳೇ ಕೈಫಿಯತ್ತುಗಳು. ಶಾನುಭೋಗನು ತನ್ನ ಮನೆಯ ಅಟ್ಟದಿಂದ ಕಡತವನ್ನು ಇಳಿಸುವನು. ಕಡತವೆಂದರೆ ಬಟ್ಟೆಗೆ ಇದ್ದಲಿನ ಮಸಿಯನ್ನೂ ಅಂಟನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಅದರಲ್ಲಿ ಇದ್ದುದನ್ನೂ ಊರ ಹಿರಿಯರ ಬಾಯಲ್ಲಿ ಇದ್ದುದನ್ನೂ ಕೂಡಿಸಿ ಗುಮಾಸ್ತನು ಕಾಗದದ ಮೇಲೆ ಬರೆದುಕೊಳ್ಳುವನು. ಬರವಣಿಗೆಯ ಕ್ರಮವು ಬಹುಮಟ್ಟಿಗೆ ಒಂದೇ. ಕಲಿಯುಗದ ಆರಂಭದಲ್ಲಿ ಧರ್ಮರಾಯನಿಂದ ಹಿಡಿದು ಅರಸುಗಳ ಪಟ್ಟಿ, ಅದರ ಬೆನ್ನಿಗೆ, ಇಲ್ಲಿ ಹಿಂದೆ ದಟ್ಟಡವಿಯಿತ್ತು, ದನವೊಂದು ಹುತ್ತದ ಮೇಲೆ ಹಾಲು ಕರೆಯುತ್ತಿತ್ತು, ಅಗೆದು ನೋಡಲಾಗಿ ಲಿಂಗವು ಕಂಡಿತು ಎಂಬ ಸ್ಥಳಮಹಿಮೆ, ಆಮೇಲೆ ಬೇಟೆಗೆ ಬಂದ ನಾಯಕನ ನಾಯಿಗಳನ್ನು ಮೊಲವೊಂದು ಅಟ್ಟಿಸಿಕೊಂಡು ಹೋದ ವಿಸ್ಮಯ, ಅಲ್ಲಿ ಕೋಟೆ, ಕೋಟೆಗೆ ಹೆಸರು, ವಿಜಯನಗರದ ರಾಯರು ಕೊಟ್ಟ ಉಂಬಳಿ, ಪಾಳೆಯಗಾರರ ವಂಶಾವಳಿ, ಹೈದರಾಲಿಯ ಕಾಲದಲ್ಲಿ ಏರಿದ ಕಂದಾಯ, ಟಿಪ್ಪುವಿನ ಕಾಲದಲ್ಲಿ ಜಪ್ತಿಯಾದ ಮಾನ್ಯ, ಕಡೆಯಲ್ಲಿ ಕುಂಪಣಿಯ ಸರ್ಕಾರದ ಪ್ರಸ್ತಾಪ.

ಚರಿತ್ರಕಾರರು ಈ ಬರಹಗಳನ್ನು ಬಹುಕಾಲ ಅನಾದರದಿಂದ ಕಂಡರು. ಮೊಲವು ನಾಯಿಯನ್ನು ಅಟ್ಟಿಸಿದ ಕಥೆಯು ಇಪ್ಪತ್ತು ಊರುಗಳಲ್ಲಿ ಇದ್ದರೆ ಅದು ಎಲ್ಲಿಯ ಇತಿಹಾಸ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದಿಲ್ಲ, ರಾಯರ ಕಾಲಕ್ಕಿಂತ ಹಿಂದಿನ ಸಂಗತಿಗೆ ಕೈಫಿಯತ್ತನ್ನು ಸಾಕ್ಷಿಗೆ ಕರೆಯುವುದು ಅಪಾಯಕರವೇ ಸರಿ. ಆದರೆ ನನ್ನ ಅಭಿಪ್ರಾಯದಲ್ಲಿ ಈ ಬರಹಗಳ ದೌರ್ಬಲ್ಯವೂ ಬಲವೂ ಆ ಪುರಾಣಭಾಗದಲ್ಲಿ ಇಲ್ಲ. ಅವು ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳೆಂಬುದರಲ್ಲಿ ಇದೆ. ಪ್ರಶ್ನೆ ಕೇಳಿದವನು ಹೊಸದಾಗಿ ರಾಜ್ಯವನ್ನು ಗೆದ್ದವರ ಆಳು. ಉತ್ತರ ಹೇಳಿದವನು ಉಂಬಳಿಯನ್ನು ಕಳೆದುಕೊಂಡವನೋ, ಕಳೆದುಕೊಳ್ಳುವ ಭಯದಲ್ಲಿ ಇದ್ದವನೋ, ಎದುರಾಳಿಯ ಮನೆತನಕ್ಕಿಂತ ತನ್ನ ಮನೆತನವು ಹಳೆಯದೆಂದು ತೋರಿಸಬೇಕಾಗಿದ್ದವನೋ ಆಗಿದ್ದನು. ರಾಯರ ದತ್ತಿಯ ವಿವರವು ಇಷ್ಟು ಸ್ಪಷ್ಟವಾಗಿಯೂ ಸುಲ್ತಾನನ ಜಪ್ತಿಯ ವಿವರವು ಇಷ್ಟು ಬಿಸಿಯಾಗಿಯೂ ಇರುವುದಕ್ಕೆ ಭಕ್ತಿ ದ್ವೇಷಗಳಷ್ಟೇ ಕಾರಣವಲ್ಲ. ಅದು ಅರ್ಜಿಯ ಭಾಷೆಯೂ ಹೌದು. ಇದನ್ನು ಮರೆತು ಓದಿದವನು ಮೋಸಹೋಗುವನು. ನೆನಪಿನಲ್ಲಿ ಇಟ್ಟುಕೊಂಡು ಓದಿದವನಿಗೆ, ಒಂದು ರಾಜ್ಯವು ಅಳಿದು ಇನ್ನೊಂದು ಇನ್ನೂ ನೆಲೆಯೂರದಿದ್ದ ಆ ಕೆಲವು ವರ್ಷಗಳಲ್ಲಿ ಕನ್ನಡದ ಹಳ್ಳಿಯು ತನ್ನ ಹಕ್ಕುಗಳನ್ನು ಹೇಗೆ ಎಣಿಸಿಕೊಳ್ಳುತ್ತಿತ್ತೆಂಬುದನ್ನು ಕೈಫಿಯತ್ತಿನಷ್ಟು ನೇರವಾಗಿ ತಿಳಿಸುವ ಬರಹವು ಬೇರೆ ದೊರೆಯದು.

ಪ್ರಶ್ನೆಯು ಹೊಸ ಗ್ರಂಥಗಳನ್ನೇ ಹುಟ್ಟಿಸಿದ್ದಕ್ಕೆ ಉದಾಹರಣೆಯೂ ಉಂಟು. ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯು ಜೈನರ ಹಳೆಯ ಕ್ಷೇತ್ರ. ಆ ಊರಿನ ಧರ್ಮಯ್ಯನೆಂಬ ಜೈನ ಪಂಡಿತನು ಮೆಕೆಂಜಿಯ ಬಳಗವನ್ನು ಸೇರಿ, ಜೈನ ಗ್ರಂಥಗಳನ್ನೂ ಶಾಸನಗಳನ್ನೂ ಓದಿಕೊಡುವವನಾಗಿ ಬಹುಕಾಲ ಅವನೊಡನೆ ಇದ್ದನು. ಕನಕಗಿರಿಯವನೇ ಆದ ದೇವಚಂದ್ರನೆಂಬ ಇನ್ನೊಬ್ಬ ವಿದ್ವಾಂಸನನ್ನು ಮೆಕೆಂಜಿಯು 1804ರಲ್ಲಿ ಕಂಡು ಸ್ಥಳದ ಪೂರ್ವವೃತ್ತಾಂತವನ್ನು ಕೇಳಿದನು. ಆ ಕೇಳಿಕೆಯಿಂದ ಎಚ್ಚತ್ತ ಆಸಕ್ತಿಯು ಹಲವು ವರ್ಷಗಳ ಮೇಲೆ 'ರಾಜಾವಳಿ ಕಥೆ'ಯೆಂಬ ಕನ್ನಡ ಗ್ರಂಥವಾಗಿ ರೂಪುಗೊಂಡಿತು. ಅರಸುಗಳು, ಆಚಾರ್ಯರು, ಕವಿಗಳು, ಮತಭೇದಗಳು, ಕುಲಗಳು ಎಲ್ಲವೂ ಸೇರಿದ ಆ ಗ್ರಂಥವನ್ನು ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸನು ಕೈಗೆತ್ತಿಕೊಂಡನು. ಮೌರ್ಯ ಚಂದ್ರಗುಪ್ತನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಐತಿಹ್ಯವನ್ನು ಸಮರ್ಥಿಸುವಲ್ಲಿ, 1889ರಲ್ಲಿ ಹೊರಬಂದ ಅವನ ಶ್ರವಣಬೆಳಗೊಳದ ಶಾಸನಸಂಪುಟವು ಕಲ್ಲಿನ ಬರಹಗಳ ಜತೆಗೆ ದೇವಚಂದ್ರನ ಕಥೆಯನ್ನೂ ಬಳಸಿತು. ಶಾಸನಗಳ ವಿದ್ವಾಂಸನಾದ ಫ್ಲೀಟನು ಅದನ್ನು ಒಪ್ಪದೆ ವಾದಕ್ಕೆ ನಿಂತನು. ಒಬ್ಬ ಆಂಗ್ಲ ಅಧಿಕಾರಿಯು ಕೇಳಿದ್ದರಿಂದ ಕನ್ನಡಿಗನು ಬರೆದುದನ್ನು ಇನ್ನಿಬ್ಬರು ಆಂಗ್ಲ ವಿದ್ವಾಂಸರು ಪ್ರಾಚೀನ ಸಾಕ್ಷ್ಯವೆಂದೋ ಅಲ್ಲವೆಂದೋ ತರ್ಕಿಸುವ ಈ ನೋಟದಲ್ಲಿ ಹಾಸ್ಯದ ಎಳೆಯೊಂದು ಇಲ್ಲವೆನ್ನಲಾಗದು.

ಅವಶೇಷಗಳ ವಿಚಾರಕ್ಕೆ ಬಂದರೆ, ಹಂಪೆಯ ಹಾಳುನಗರದ ಮೊದಲ ನಕಾಶೆಯನ್ನು ಶತಮಾನದ ಸಂಧಿಕಾಲದಲ್ಲಿ ಬರೆದು ಗುಡಿಗೋಪುರಗಳನ್ನು ಬಣ್ಣದ ಚಿತ್ರಗಳಲ್ಲಿ ತೋರಿಸಿದವನೂ ಮೆಕೆಂಜಿಯೇ. ಅವನು ಹಂಪೆಯನ್ನು ಕಂಡುಹಿಡಿದನೆಂದು ಪ್ರವಾಸದ ಕೈಪಿಡಿಗಳು ಬರೆಯುವುದುಂಟು. ವಿರೂಪಾಕ್ಷನ ಪೂಜೆ ತಪ್ಪದೆ ನಡೆಯುತ್ತಿದ್ದ, ವರ್ಷವರ್ಷವೂ ತೇರು ಎಳೆಯುತ್ತಿದ್ದ ಊರನ್ನು ಕಂಡುಹಿಡಿಯುವುದೆಂದರೇನೋ ನಾನರಿಯೆ. ಕೃಷ್ಣಾತೀರದ ಅಮರಾವತಿಯಲ್ಲಿ ಸಂಗತಿಯು ಬೇರೆಯಾಯಿತು. ವಾಸಿರೆಡ್ಡಿ ವೆಂಕಟಾದ್ರಿ ನಾಯಡು ಎಂಬ ಜಮೀನುದಾರನು ಅಲ್ಲಿ ಹೊಸ ಊರು ಕಟ್ಟಿಸುತ್ತ ದಿಬ್ಬದ ಬಿಳಿಗಲ್ಲುಗಳನ್ನು ತೆಗೆಸುತ್ತಿದ್ದಾಗ ಮೆಕೆಂಜಿಯು ಅದನ್ನು ಮೊದಲು ನೋಡಿದನು; 1816ರಲ್ಲಿ ಮತ್ತೆ ಹೋಗುವಷ್ಟರಲ್ಲಿ ಬೌದ್ಧ ಸ್ತೂಪದ ಬಹುಭಾಗವು ಹಾಳಾಗಿದ್ದಿತು. ಉಳಿದ ಶಿಲ್ಪಗಳನ್ನು ಅವನ ಚಿತ್ರಕಾರರು ಸೂಕ್ಷ್ಮವಾಗಿ ಬರೆದುಕೊಂಡರು. 1845ರಲ್ಲಿ ಅಲ್ಲಿ ಅಗೆಯಿಸಿದ ವಾಲ್ಟರ್ ಎಲಿಯಟ್ಟನು, ಹಿಂದೆ ಧಾರವಾಡ ಸೀಮೆಯಲ್ಲಿದ್ದು ಕನ್ನಡ ಶಾಸನಗಳನ್ನು ಸಂಗ್ರಹಿಸಿದವನು. ಅವನು ಮದರಾಸಿಗೆ ಸಾಗಿಸಿದ ಶಿಲ್ಪಗಳು 1859ರಲ್ಲಿ ಹಡಗೇರಿ ಲಂಡನ್ನಿಗೆ ಹೋಗಿ, ಇಂದಿಗೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ. ಕಲ್ಲನ್ನು ಸಾಗಿಸಿದರೆ ಅದು ಇದ್ದ ಸ್ಥಳ ಬರಿದಾಗುವುದು, ಮಾತನ್ನು ಬರೆದುಕೊಂಡು ಹೋದರೆ ಹೇಳಿದವನ ಬಳಿ ಅದು ಉಳಿದೇ ಇರುವುದು ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದಾಗಿತ್ತು. ಆದರೆ ಶಾನುಭೋಗಿಕೆಯೂ ಪಾಳೆಯಪಟ್ಟೂ ಅಳಿಯುತ್ತ ಬಂದಂತೆ ಹೇಳುವವರೂ ಉಳಿಯಲಿಲ್ಲ.

1811ರಲ್ಲಿ ಮೆಕೆಂಜಿಯು ಸೈನ್ಯದೊಡನೆ ಜಾವಾದ್ವೀಪಕ್ಕೆ ಹೋಗಿ ಎರಡು ವರ್ಷ ಅಲ್ಲಿದ್ದು, ಅಲ್ಲಿಯೂ ಸಂಗ್ರಹಿಸಿ, ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಡಚ್ಚರ ಕನ್ಯೆಯನ್ನು ಮದುವೆಯಾಗಿ ಮರಳಿದನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಮರುವರ್ಷ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಅವನ ವರ್ಣಚಿತ್ರವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ: ಕೆಂಪಂಗಿಯ ಮುದುಕ ಅಧಿಕಾರಿ, ಅವನ ಸುತ್ತ ಮೂವರು ಭಾರತೀಯರು, ಒಬ್ಬನ ಕೈಯಲ್ಲಿ ದುರ್ಬೀನು, ಒಬ್ಬನ ಕೈಯಲ್ಲಿ ಓಲೆಗರಿ, ಹಿನ್ನೆಲೆಯ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ, ಹತ್ತಿರದಲ್ಲಿಯೇ ಮೋಜಣಿಯ ಗುರುತುಕಂಬ. ಓಲೆ ಹಿಡಿದವನು ಧರ್ಮಯ್ಯನೆಂದು ಬಹುಮಂದಿ ಹೇಳುತ್ತಾರೆ.

1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ಅವನು ತೀರಿಕೊಂಡನು. ಸಂಗ್ರಹಕ್ಕಾಗಿ ಅವನು ತನ್ನ ಕೈಯಿಂದ 15,000 ಪೌಂಡಿಗೂ ಮಿಕ್ಕು ವೆಚ್ಚ ಮಾಡಿದ್ದನೆಂದು ಮಿತ್ರನಾದ ಅಲೆಕ್ಸಾಂಡರ್ ಜಾನ್‌ಸ್ಟನ್ ಹೇಳಿದ್ದಾನೆ. ವಿಧವೆಯಿಂದ ಕಂಪನಿಯು ಅದನ್ನು ಒಂದು ಲಕ್ಷ ರೂಪಾಯಿಗೆ, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 10,000 ಪೌಂಡಿಗೆ, ಕೊಂಡುಕೊಂಡಿತು. ಸಂಸ್ಕೃತ ವಿದ್ವಾಂಸನಾದ ಎಚ್. ಎಚ್. ವಿಲ್ಸನ್ನನು 1828ರಲ್ಲಿ ಸಿದ್ಧಗೊಳಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಗ್ರಂಥಗಳೂ, 2,070 ಸ್ಥಳವೃತ್ತಾಂತಗಳೂ, 8,076 ಶಾಸನಗಳ ನಕಲುಗಳೂ, 2,630 ಚಿತ್ರಗಳೂ, 6,218 ನಾಣ್ಯಗಳೂ ಇದ್ದುವು. ವಿಲ್ಸನ್ನನಿಗೂ ದಕ್ಷಿಣದ ಭಾಷೆಗಳು ಬಾರವು. ಲಕ್ಷ್ಮಯ್ಯನೂ ಅವನ ಬಳಗದವರೂ ಮಾಡಿಕೊಟ್ಟ ಸಂಕ್ಷೇಪಗಳನ್ನು ನಂಬಿಯೇ ಅವನು ಸೂಚಿಯನ್ನು ಬರೆದನು. ಅನಂತರ ಸಂಗ್ರಹವು ಹೋಳಾಯಿತು. ಚಿತ್ರ, ನಕಾಶೆ, ನಾಣ್ಯ, ಇಂಗ್ಲಿಷ್ ಅನುವಾದಗಳು ಲಂಡನ್ನಿಗೂ, ದಕ್ಷಿಣದ ಭಾಷೆಗಳ ಬರಹಗಳು ಬಹುಮಟ್ಟಿಗೆ ಮದರಾಸಿಗೂ ಹೋದುವು. ಲಂಡನ್ನಿಗೆ ಹೋಗಿದ್ದ ಓಲೆಗರಿಗಳನ್ನು ತೆಲುಗಿನ ವಿದ್ವಾಂಸನಾದ ಸಿ. ಪಿ. ಬ್ರೌನನು ಅಲ್ಲಿ ಕಂಡು ಮದರಾಸಿಗೆ ಮರಳಿ ತರಿಸಿದನು.

ಲಕ್ಷ್ಮಯ್ಯನ ಪಾಲಿಗೆ ಬಂದುದೇನು? ಧಣಿಯು ತೀರಿಕೊಂಡ ಮೇಲೆ ಅವನು ಮದರಾಸಿನಲ್ಲಿ ದೇಶೀಯ ವಿದ್ವಾಂಸರ ಸಭೆಯೊಂದನ್ನು ಕಟ್ಟಿ, ಅರ್ಧಕ್ಕೆ ನಿಂತ ಸಂಶೋಧನೆಯನ್ನು ತಾನೇ ಮುಂದುವರಿಸಲು ಅನುಮತಿ ಬೇಡಿದನು. ಅರ್ಜಿಯು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಗೆ ಹೋಯಿತು. ಇಂಥ ವಿಮರ್ಶೆಯ ಕಾರ್ಯಕ್ಕೆ ಲಕ್ಷ್ಮಯ್ಯನಾಗಲಿ ದೇಶೀಯನಾದ ಬೇರಾವನೇ ಆಗಲಿ ಸಮರ್ಥನಲ್ಲವೆಂಬ ಅಭಿಪ್ರಾಯವನ್ನು ಅದರ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್ ಕೊಟ್ಟನು; ಕೆಲಸವು ಮದರಾಸಿನ ಪಾದ್ರಿ ವಿಲಿಯಂ ಟೇಲರನಿಗೆ ಸಂದಿತು. ಅಶೋಕನ ಲಿಪಿಯನ್ನು 1837ರಲ್ಲಿ ಬಿಡಿಸಿ ಕೀರ್ತಿಶಾಲಿಯಾದ ಪ್ರಿನ್ಸೆಪ್ಪನೇ ಈತ. ಆ ಕಾರ್ಯದಲ್ಲಿ ಅವನ ಪಕ್ಕದಲ್ಲಿ ಕುಳಿತಿದ್ದವನು ಕಮಲಾಕಾಂತನೆಂಬ ಬಂಗಾಳದ ಪಂಡಿತನು. ಮೆಕೆಂಜಿಯು ಕಂಪನಿಯ ನೌಕರನಾಗಿ, ಗೆದ್ದ ನೆಲವನ್ನು ಅಳೆಯಲು ಬಂದವನೇ ಆದರೂ, ತನ್ನ ಕಣ್ಣೂ ನಾಲಗೆಯೂ ಯಾರೆಂಬುದನ್ನು ಬಲ್ಲವನಾಗಿದ್ದನು. ಅವನ ತಲೆಮಾರಿನ ನಂತರ ಬಂದ ವಿದ್ವತ್ತಿಗೆ ಆ ಋಣವನ್ನು ಬಾಯಿಬಿಟ್ಟು ಹೇಳುವುದೂ ಭಾರವಾಯಿತು.

ಟೇಲರನ ಕೈಗೆ ಬಂದ ವೇಳೆಗೆ ಎಷ್ಟೋ ಕಾಗದಗಳು ಹುಳು ತಿಂದು, ಶಾಯಿ ಮಾಸಿ, ಓದುವುದಕ್ಕೆ ಬಾರದಂತಾಗಿದ್ದುವು. ಕೆಲವನ್ನು ಅವನು ಹೊಸದಾಗಿ ನಕಲು ಮಾಡಿಸಿದನು. ಮುಂದೆ ರೈಸನ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು 1886ರಿಂದ ಒಂದೊಂದಾಗಿ ಬಂದು ಒಂಬತ್ತು ಸಾವಿರದಷ್ಟು ಶಾಸನಗಳನ್ನು ಬೆಳಕಿಗೆ ತಂದಮೇಲೆ, ಕಲ್ಲಿನ ಮುಂದೆ ಕಾಗದದ ಮಾನ ಇನ್ನಷ್ಟು ಇಳಿಯಿತು. ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದ್ದ ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ದೊಡ್ಡದೊಂದು ಸಂಪುಟವಾಗಿ ಪ್ರಕಟವಾದುದು 1994ರಲ್ಲಿ. ಊರಿನ ಹೆಸರನ್ನು ಹಿಡಿದು ಅದನ್ನು ತೆರೆದವನು ದೇವಸ್ಥಾನದ ಗದ್ದೆ ಎಷ್ಟು ಖಂಡುಗ ಬಿತ್ತುವುದಾಗಿತ್ತು, ಅದಕ್ಕೆ ಯಾರು ಅಡ್ಡಿ ಬಂದರು ಎಂಬ ತಕರಾರುಗಳನ್ನು ಪುಟಪುಟಕ್ಕೂ ಕಾಣುವನು. ಅವುಗಳಲ್ಲಿ ಕೆಲವು ನ್ಯಾಯಾಲಯಗಳಲ್ಲಿ ಇನ್ನೂ ನಡೆಯುತ್ತಿದ್ದರೆ ನಾನೇನೂ ಆಶ್ಚರ್ಯಪಡೆನು.